ಪ್ಯಾಚ್ ಹಾಕಿದ್ದು ಒಂದಕ್ಕೆ, ಓಡ್ತಿದ್ದದ್ದು ಇನ್ನೊಂದು

2024ರ ಫೆಬ್ರುವರಿ 14, ಬುಧವಾರ. ಬೆಳಗ್ಗೆ ಲ್ಯಾಪ್‌ಟಾಪ್ ತೆರೆದಾಗ ಎಲ್ಲಿ ನೋಡಿದರೂ ಒಂದೇ ಹೆಸರು: ಕೀಟ್ರ್ಯಾಪ್. ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋ ಡಿಎನ್‌ಎಸ್ ಸರ್ವರ್‌ಗಳನ್ನೇ ಕಟ್ಟಿಹಾಕಬಲ್ಲ ದೋಷ. ಹಿಂದಿನ ದಿನವಷ್ಟೇ ಅದು ಹೊರಬಿದ್ದಿತ್ತು. ನಾನು ಕೆಲಸ ಮಾಡೋದು ಜಿಲ್ಲಾ ಕೇಂದ್ರವೊಂದರ ಸಣ್ಣ ಕೇಬಲ್ ಇಂಟರ್ನೆಟ್ ಕಂಪನಿಯಲ್ಲಿ. ನಮ್ಮ ಗ್ರಾಹಕರ ಮನೆಗಳಿಂದ ಬರುವ ಡಿಎನ್‌ಎಸ್ ಪ್ರಶ್ನೆಗಳಿಗೆಲ್ಲ ಎರಡು ಸರ್ವರ್ ಉತ್ತರ ಕೊಡುತ್ತವೆ. ಒಂದರಲ್ಲಿ ಬೈಂಡ್, ಇನ್ನೊಂದರಲ್ಲಿ ಅನ್‌ಬೌಂಡ್. ಇವು ನಿಂತರೆ ಯಾರೂ "ಡಿಎನ್‌ಎಸ್ ಹೋಯ್ತು" ಅನ್ನೋದಿಲ್ಲ. "ನೆಟ್ ಹೋಯ್ತು" ಅಂತ ಲೈನ್‌ಮನ್‌ಗೆ ಫೋನ್ ಮಾಡಿ ಬೈತಾರೆ. ಪಾಪ, ಅವನು ಕಂಬ ಹತ್ತಿ ಕೇಬಲ್ ನೋಡ್ತಾನೆ.

ಒಂದರಲ್ಲಿ ತೂತು ಕಂಡರೆ ಇನ್ನೊಂದು ಬದುಕಿರಲಿ ಅಂತಲೇ ನಾವು ಎರಡು ಬೇರೆ ಬೇರೆ ಸಾಫ್ಟ್‌ವೇರ್ ಇಟ್ಟಿದ್ದು. ಕೀಟ್ರ್ಯಾಪ್ ಮುಂದೆ ಆ ಜಾಣತನ ನಡೆಯಲಿಲ್ಲ. ಯಾಕಂದ್ರೆ ದೋಷ ಇದ್ದದ್ದು ಯಾರೋ ಬರೆದ ಕೋಡ್‌ನಲ್ಲಲ್ಲ, ಉತ್ತರ ಅಸಲಿಯೇ ಅಂತ ಸಹಿ ನೋಡಿ ಹೇಳೋ ಡಿಎನ್‌ಎಸ್‌ಸೆಕ್‌ನ ನಿಯಮದಲ್ಲೇ, ಅದೂ 1999ರಿಂದ. ಉತ್ತರದ ಜೊತೆ ಸಹಿ ಬರುತ್ತೆ, ಆ ಸಹಿ ಯಾವ ಕೀಲಿಯದ್ದು ಅಂತ ಹೇಳೋಕೆ ಒಂದು ಚಿಕ್ಕ ನಂಬರ್ ಇರುತ್ತೆ. ಎರಡು ಕೀಲಿಗೆ ಒಂದೇ ನಂಬರ್ ಬರೋದು ಸಾಧ್ಯ. ಹಾಗೆ ಬಂದರೆ ಎಲ್ಲವನ್ನೂ ಹಾಕಿ ನೋಡಬೇಕು ಅನ್ನೋದು ನಿಯಮ. ಮದುವೆ ಛತ್ರದ ಬೀಗದಕೈ ಗೊಂಚಲು ನೆನೆಸಿಕೊಳ್ಳಿ. ಪ್ರತಿ ಕೈಗೂ "7" ಅಂತಲೇ ಚೀಟಿ, ಪ್ರತಿ ಬಾಗಿಲಿಗೂ "7" ಅಂತಲೇ ಬರೆದಿದೆ. ಛತ್ರದ ಮ್ಯಾನೇಜರ್ ಪ್ರತಿ ಬಾಗಿಲಿಗೂ ಪ್ರತಿ ಕೈ ಹಾಕಿ ತಿರುಗಿಸ್ತಾ ನಿಲ್ಲಬೇಕು. ಅಷ್ಟರಲ್ಲಿ ಬೀಗರು ಊಟ ಮುಗಿಸಿ ಹೊರಟಿರ್ತಾರೆ. ಹಾಗೆ ಬೇಕಂತಲೇ ಹೆಣೆದ ಒಂದೇ ಒಂದು ಉತ್ತರ ಕೆಲವು ಸಾಫ್ಟ್‌ವೇರ್‌ಗಳನ್ನು 16 ಗಂಟೆವರೆಗೂ ಕಟ್ಟಿಹಾಕಬಲ್ಲದು ಅಂತ ಕಂಡುಹಿಡಿದವರು ಹೇಳಿದ್ದರು. ಪ್ಯಾಚ್ ಮಾಡೋದು ಇಷ್ಟೇ: ಇಂತಿಷ್ಟು ಸಲ ನೋಡು, ಸಾಕು, ಬಿಡು ಅನ್ನೋ ಮಿತಿ ಹಾಕುತ್ತೆ.

ನಮ್ಮ ಮಾಲೀಕರು ಫೋನ್ ಮಾಡಿದರು. "ಆ ಸಹಿ ನೋಡೋದನ್ನೇ ಆಫ್ ಮಾಡಿಬಿಟ್ರೆ ಆಗಲ್ವಾ?" ಆಗುತ್ತೆ. ಆದರೆ ಕಳ್ಳ ಬರ್ತಾನೆ ಅಂತ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ. "ಬೇಡ ಸರ್, ಪ್ಯಾಚ್ ಬಂದಿದೆ, ಇವತ್ತು ರಾತ್ರಿ ಹಾಕ್ತೀನಿ" ಅಂದೆ. "ಹಾಗಾದ್ರೆ ಬೇಗ ನೋಡಿ" ಅಂತ ಇಟ್ಟರು.

ಎರಡೂ ಮೆಷಿನ್‌ನಲ್ಲಿ ಆಗ ಇದ್ದದ್ದು ಡೆಬಿಯನ್ 11 ಅನ್ನೋ ಲಿನಕ್ಸ್. ರಾತ್ರಿ ಎರಡೂವರೆಗೆ ಕೂತೆ. ಬೈಂಡ್ ಮೆಷಿನ್‌ನಲ್ಲಿ ಡೆಬಿಯನ್‌ನ ಪ್ಯಾಕೇಜ್ ತಂದು ಹಾಕೋ ಆಪ್ಟ್‌ನಿಂದ ಅಪ್‌ಗ್ರೇಡ್ ಕೊಟ್ಟೆ. 9.16.48 ಇಳಿಯಿತು, ಸರ್ವಿಸ್ ತಾನೇ ರೀಸ್ಟಾರ್ಟ್ ಆಯಿತು, ಲಾಗ್‌ನಲ್ಲಿ ಯಾವ ತಕರಾರೂ ಇಲ್ಲ. ಹತ್ತು ನಿಮಿಷದ ಕೆಲಸ. ಎದ್ದು ಹೋಗಿ ಮಲಗಬಹುದಿತ್ತು. ಅಷ್ಟು ದಿನವೂ ಹಾಗೇ ಮಾಡಿದ್ದೆ.

ಅವತ್ತು ಯಾಕೋ ಆರ್‌ಎನ್‌ಡಿಸಿ ಸ್ಟೇಟಸ್ ಅನ್ನೋ ಕಮಾಂಡ್ ಹೊಡೆದೆ. ಇದು ಡಿಸ್ಕ್ ಮೇಲೆ ಯಾವ ಫೈಲ್ ಇದೆ ಅಂತ ನೋಡೋದಿಲ್ಲ, ಓಡ್ತಿರೋ ನೇಮ್ಡಿಯನ್ನೇ, ಅಂದ್ರೆ ಬೈಂಡ್‌ನ ಪ್ರೋಗ್ರಾಮನ್ನೇ, "ನೀನು ಯಾರು?" ಅಂತ ಕೇಳುತ್ತೆ. ಮೊದಲ ಸಾಲಿನಲ್ಲೇ ಉತ್ತರ ಬಂತು: 9.17.19.

ಕಣ್ಣು ಮಂಜಾಗಿದೆ ಅಂದುಕೊಂಡು ಮತ್ತೊಮ್ಮೆ ಹೊಡೆದೆ. 9.17.19. ಬೈಂಡ್‌ನಲ್ಲಿ ನಡುವಿನ ಅಂಕಿ ಬೆಸ ಸಂಖ್ಯೆಯಾದರೆ ಅದು ಪ್ರಯೋಗದ ಸರಣಿ, ಸಮಸಂಖ್ಯೆಯಾದರೆ ನಂಬಿ ಇಡೋ ಸರಣಿ. 2022ರ ಜನವರಿಯಲ್ಲಿ 9.18 ಬಂದಾಗಲೇ 9.17ರ ಕಥೆ ಮುಗಿದಿತ್ತು. ಅದಾದ ಮೇಲೆ ಅದಕ್ಕೆ ಒಂದೇ ಒಂದು ಪ್ಯಾಚ್ ಬಂದಿಲ್ಲ. ಅಂಥದ್ದು ನಮ್ಮಲ್ಲಿ ಎರಡು ವರ್ಷ ಮೇಲ್ಪಟ್ಟು ಓಡುತ್ತಿತ್ತು!

ಹೇಗೆ ಅಂತ ಹುಡುಕೋಕೆ ಪ್ರೊಕ್ ಫೋಲ್ಡರ್‌ಗೆ ಹೋದೆ. ಲಿನಕ್ಸ್‌ನಲ್ಲಿ ಓಡುವ ಪ್ರತಿ ಪ್ರೊಸೆಸ್‌ಗೂ ಅಲ್ಲಿ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ ಎಕ್ಸಿ ಅನ್ನೋ ಒಂದು ಲಿಂಕ್. ನಿಜವಾಗಿ ಓಡ್ತಿರೋ ಫೈಲ್ ಯಾವುದು ಅಂತ ಅದು ಬೆರಳಿಟ್ಟು ತೋರಿಸುತ್ತೆ. ಪ್ಯಾಕೇಜ್‌ನ ನೇಮ್ಡಿ ಇರಬೇಕಾದ್ದು ಯುಎಸ್ಆರ್ ಕೆಳಗಿನ ಎಸ್‌ಬಿನ್‌ನಲ್ಲಿ. ಲಿಂಕ್ ತೋರಿಸಿದ್ದು ಯುಎಸ್ಆರ್ ಒಳಗಿನ ಲೋಕಲ್ ಕೆಳಗಿನ ಎಸ್‌ಬಿನ್ ಅನ್ನು. ಅಂದ್ರೆ ಯಾರೋ ಸೋರ್ಸ್ ತಂದು ಕೈಯಾರೆ ಕಂಪೈಲ್ ಮಾಡಿ ಹಾಕಿದ್ದು.

ನನಗಿಂತ ಮುಂಚೆ ಇದ್ದವರಿಗೆ ಫೋನ್ ಮಾಡಿದ್ದು ಬೆಳಗ್ಗೆ. ನಕ್ಕರು. "ಅಯ್ಯೋ, ಅದಿನ್ನೂ ಇದೆಯಾ? ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಟ್ರೈ ಮಾಡೋಣ ಅಂತ ಹಾಕಿದ್ದೆ. 9.16ರಲ್ಲಿ ಅದು ಇರ್ಲಿಲ್ಲ." ಡಿಎನ್‌ಎಸ್ ಪ್ರಶ್ನೆಯನ್ನು ಬೇರೆಯವರು ಓದದ ಹಾಗೆ ಕಳಿಸೋ ಆ ಪ್ರಯೋಗ ಒಂದು ವಾರಕ್ಕೇ ನಿಂತಿತ್ತಂತೆ. ಆದರೆ ಯಾವ ಪ್ರೋಗ್ರಾಮ್ ಎಬ್ಬಿಸಬೇಕು ಅಂತ ಅವರು ಬರೆದ ಸಿಸ್ಟಮ್‌ಡಿ ಫೈಲ್ ಹಾಗೇ ಉಳಿದಿತ್ತು. ಪ್ಯಾಕೇಜ್‌ನ ಫೈಲ್ ಏನೇ ಹೇಳಲಿ, ಇಟಿಸಿ ಒಳಗೆ ಅದೇ ಹೆಸರಿನ ಫೈಲ್ ಇದ್ದರೆ ಅದರದ್ದೇ ಮಾತು ನಡೆಯೋದು. ಹಾಗಾಗಿ ನಾನು ಪ್ರತಿ ಸಲ ಹೊಸ ಪ್ಯಾಕೇಜ್ ಹಾಕಿದಾಗಲೂ ಸರ್ವಿಸ್ ನಿಷ್ಠೆಯಿಂದ ರೀಸ್ಟಾರ್ಟ್ ಆಗಿ, ಅಷ್ಟೇ ನಿಷ್ಠೆಯಿಂದ ಹಳೇದನ್ನೇ ಎಬ್ಬಿಸುತ್ತಿತ್ತು.

ಬೈಯೋಕೆ ಮನಸ್ಸು ಬರಲಿಲ್ಲ. ಅವರು ಹೋದ ಮೇಲೆ ಹತ್ತಾರು ಸಲ ಅಪ್‌ಡೇಟ್ ಹಾಕಿದವನು ನಾನು. ಪ್ರತಿ ಸಲವೂ ಪ್ಯಾಕೇಜ್ ಪಟ್ಟಿ ನೋಡಿ ರಿಜಿಸ್ಟರ್‌ನಲ್ಲಿ ಟಿಕ್ ಹಾಕಿದವನೂ ನಾನೇ. ಸುರಕ್ಷತೆಗೆ ಒಳ್ಳೇದು ಅಂತ ಹೊರಗಿನವರು ಕೇಳಿದರೆ ವರ್ಶನ್ ಹೇಳದ ಹಾಗೆ ಬಚ್ಚಿಟ್ಟಿದ್ದೆ ಬೇರೆ. ಕೊನೆಗೆ ಅದು ಬಚ್ಚಿಟ್ಟಿದ್ದು ನನ್ನಿಂದಲೇ.

ಮೂರೂಕಾಲಿಗೆ ರಿಪೇರಿ ಶುರು. ಮೊದಲು, ಕಾನ್ಫಿಗ್ ಸರಿ ಇದೆಯಾ ಅಂತ ನೋಡೋ ಪ್ಯಾಕೇಜ್‌ನ ನೇಮ್ಡಿ-ಚೆಕ್‌ಕಾನ್ಫ್ ಅನ್ನು ಪೂರ್ತಿ ಪಾತ್ ಕೊಟ್ಟು ಓಡಿಸಿದೆ. ಬರೀ ಹೆಸರು ಕೊಟ್ಟರೆ ಅಲ್ಲೂ ಲೋಕಲ್‌ನದ್ದೇ ಮುಂದೆ ಬರುತ್ತೆ. ಟಿಎಲ್‌ಎಸ್ ಅನ್ನೋ ಒಂದು ಸಾಲು ನನಗೆ ಗೊತ್ತಿಲ್ಲ ಅಂತ ಅದು ತಕರಾರು ತೆಗೆಯಿತು. ಹಳೇ ಪ್ರಯೋಗದ ಪಳೆಯುಳಿಕೆ. ಕಿತ್ತೆ. ಆಮೇಲೆ ಆ ಸಿಸ್ಟಮ್‌ಡಿ ಫೈಲ್ ಪಕ್ಕಕ್ಕಿಟ್ಟು, ಡೀಮನ್ ರೀಲೋಡ್ ಕೊಟ್ಟು, ರೀಸ್ಟಾರ್ಟ್. ಬರೀ ಆರ್‌ಎನ್‌ಡಿಸಿ ರೀಲೋಡ್ ಇಲ್ಲಿ ಸಾಲದು. ಅದು ಕಾನ್ಫಿಗ್, ಝೋನ್ (ನಮ್ಮದೇ ಹೆಸರುಗಳ ಪಟ್ಟಿ) ಮತ್ತೆ ಓದುತ್ತೆ ಅಷ್ಟೇ, ಮೆಮೊರಿಯಲ್ಲಿರೋ ಪ್ರೋಗ್ರಾಮ್ ಬದಲಾಗಲ್ಲ. ಈ ಸಲ ಸ್ಟೇಟಸ್ 9.16.48 ಅಂತು. ಡಿಎನ್‌ಎಸ್ ಪ್ರಶ್ನೆ ಕೇಳೋ ಡಿಗ್ ಕಮಾಂಡ್‌ನಿಂದ ಸಹಿ ಸರಿ ಇರೋ ಒಂದು ಹೆಸರು ಕೇಳಿದೆ, ಉತ್ತರದಲ್ಲಿ ಎಡಿ ಅನ್ನೋ ಗುರುತು ಬಂತು. ಬೇಕಂತಲೇ ಸಹಿ ಕೆಡಿಸಿಟ್ಟಿರೋ ಡಿಎನ್‌ಎಸ್‌ಸೆಕ್-ಫೇಲ್ಡ್ ಡಾಟ್ ಆರ್ಗ್ ಕೇಳಿದೆ, ಸರ್ವ್‌ಫೇಲ್ ಬಂತು. ಒಳ್ಳೇದನ್ನು ಒಪ್ಪಿಕೊಳ್ತಿದೆ, ಕೆಟ್ಟದ್ದನ್ನು ತಳ್ಳುತ್ತಿದೆ. ಕ್ಯಾಶ್ ಖಾಲಿಯಾಗಿದ್ದರಿಂದ ಮೊದಲ ಒಂದೆರಡು ನಿಮಿಷ ಸ್ವಲ್ಪ ನಿಧಾನ. ಆ ಹೊತ್ತಲ್ಲಿ ನೋಡೋರು ಯಾರು?

ಅನ್‌ಬೌಂಡ್ ಮೆಷಿನ್‌ನದ್ದು ಇದಕ್ಕೆ ತದ್ವಿರುದ್ಧದ ಕಥೆ. ಅಪ್‌ಡೇಟ್ ಆದ ಮೇಲೂ ಅದು 1.13.1 ಅಂತಲೇ ಹೇಳ್ತಿತ್ತು. ಮೂಲ ತಯಾರಕರ ಪ್ರಕಾರ ದೋಷ ಸರಿಯಾಗಿದ್ದು 1.19.1ರಲ್ಲಿ. ಆದರೆ ಡೆಬಿಯನ್‌ನವರು ನಂಬರ್ ಬದಲಿಸದೆ, ಆ ಪ್ಯಾಚನ್ನಷ್ಟೇ ಹಿಂದಕ್ಕೆ ತಂದು ಹಳೇದಕ್ಕೆ ಹೊಲಿದುಕೊಡ್ತಾರೆ. ಪ್ಯಾಕೇಜ್ ಹೆಸರಿನ ಬಾಲದಲ್ಲಿ ಡೆಬ್11ಯು2 ಅಂತ ಇರುತ್ತೆ, ಗುಟ್ಟೆಲ್ಲ ಅಲ್ಲಿ. ಬದಲಾವಣೆಗಳ ಪಟ್ಟಿ, ಅಂದ್ರೆ ಚೇಂಜ್‌ಲಾಗ್ ತೆರೆದೆ, ಸಿವಿಇ-2023-50387 ಅಂತ ಕೀಟ್ರ್ಯಾಪ್‌ನ ಗುರುತಿನ ನಂಬರ್ ಬರೆದಿತ್ತು. ಸಮಾಧಾನ ಆಯ್ತು. ಒಂದು ಕಡೆ ಪಟ್ಟಿಯಲ್ಲಿ ಹೊಸ ನಂಬರ್, ಒಳಗೆ ಕೊಳೆತದ್ದು. ಇನ್ನೊಂದು ಕಡೆ ಹಳೇ ನಂಬರ್, ಒಳಗೆ ಗಟ್ಟಿ.

ಇಷ್ಟೆಲ್ಲ ಕಲಿತವನು ಜುಲೈನಲ್ಲಿ ಮತ್ತೆ ಎಡವಿದೆ. ಆ ಹೊತ್ತಿಗೆ ಎರಡೂ ಮೆಷಿನ್ ಡೆಬಿಯನ್ 12 ಆಗಿದ್ದವು. 2024ರ ಜುಲೈ 23ಕ್ಕೆ ಬೈಂಡ್ 9.18.28 ಬಂತು, ನಾಲ್ಕು ದೋಷಕ್ಕೆ ಒಟ್ಟಿಗೆ ಮದ್ದು. ಹಾಕಿದೆ. ಆರ್‌ಎನ್‌ಡಿಸಿ ಸ್ಟೇಟಸ್ ಸರಿ, ಎಕ್ಸಿ ಲಿಂಕ್ ಸರಿ, ಹೊರಗಿನ ಹೆಸರುಗಳೆಲ್ಲ ಸರಿ. ಖುಷಿಯಾಗಿ ಮಲಗಿದೆ. ಬೆಳಗ್ಗೆ ಆಫೀಸ್ ಹುಡುಗ, "ಅಣ್ಣ, ಮಾನಿಟರಿಂಗ್ ಪರದೆ ಪೂರ್ತಿ ಕೆಂಪು, ಬೇಗ ಬನ್ನಿ!"

ನಮ್ಮ ಒಳಗಿನ ಝೋನ್ ಲೋಡೇ ಆಗಿರಲಿಲ್ಲ. ಲಾಗ್‌ನಲ್ಲಿ "ಟೂ ಮೆನಿ ರೆಕಾರ್ಡ್ಸ್". ಆ ನಾಲ್ಕರಲ್ಲಿ ಒಂದು ದೋಷ, ಒಂದೇ ಹೆಸರಿಗೆ ರೆಕಾರ್ಡ್‌ಗಳನ್ನು ತುರುಕಿ ಸರ್ವರ್ ನಿಧಾನ ಮಾಡೋದು. ಅದಕ್ಕೆ ಮದ್ದಾಗಿ, ಒಂದು ಹೆಸರಿಗೆ ಒಂದು ಬಗೆಯಲ್ಲಿ 100 ರೆಕಾರ್ಡ್ ಅಂತ ಮಿತಿ ಹಾಕಿದ್ದರು. ನಾನು ಸೋಮಾರಿತನದಿಂದ ಊರಿನ ಎಲ್ಲ ಸ್ವಿಚ್‌ಗಳ ಐಪಿಯನ್ನೂ ಒಂದೇ ಹೆಸರಿನಡಿ ಹಾಕಿಟ್ಟಿದ್ದೆ. ಒಟ್ಟು 131. ರಿಲೀಸ್ ನೋಟ್ಸ್‌ನಲ್ಲಿ ಆ ಮಿತಿಯ ವಿಷಯ ಸ್ಪಷ್ಟವಾಗೇ ಇತ್ತು, ನಾನು ದೋಷಗಳ ಪಟ್ಟಿ ಓದಿ ಮುಚ್ಚಿದ್ದೆ. ಮಿತಿ ಏರಿಸೋ ಆಪ್ಷನ್ ಇದೆ. ಏರಿಸಲಿಲ್ಲ, ಸ್ವಿಚ್‌ಗಳನ್ನು ಏರಿಯಾವಾರು ಆರು ಹೆಸರಿಗೆ ಹಂಚಿದೆ. ಮೊದಲೇ ಹಾಗೆ ಮಾಡಬೇಕಿತ್ತು.

ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಅದೇ ಡೆಬಿಯನ್, ಅದೇ ಕಾನ್ಫಿಗ್, ಅದೇ ಝೋನ್ ಹಾಕಿದೆ. ಯಾವುದೇ ಪ್ಯಾಚ್ ಮೊದಲು ಅದಕ್ಕೆ. ನನ್ನ ಮೊಬೈಲ್, ಆಫೀಸ್ ಹುಡುಗನ ಮೊಬೈಲ್ ಅದನ್ನೇ ಡಿಎನ್‌ಎಸ್ ಆಗಿ ಬಳಸ್ತವೆ. ಅವನ ರೀಲ್ಸ್ ನಿಂತರೆ ನನಗೆ ಅಲಾರಂ ಬೇಡ.

2025ರ ಅಕ್ಟೋಬರ್ 22ಕ್ಕೆ ಬಲಿಪಾಡ್ಯಮಿ. ಸರಿಯಾಗಿ ಅವತ್ತೇ ಬೈಂಡ್‌ನ ಮೂರು ದೋಷ ಹೊರಬಿದ್ದವು. ಅದರಲ್ಲಿ ಒಂದು ಓದಿ ಮೈ ಜುಮ್ಮೆಂದಿತು. 2008ರಲ್ಲಿ ಡಾನ್ ಕಾಮಿನ್‌ಸ್ಕಿ ತೋರಿಸಿದ್ದು ನೆನಪಿದೆಯಾ? ಪ್ರಶ್ನೆಯ ಗುರುತಿನ ಸಂಖ್ಯೆಗೆ ಇರೋದು 65,536 ಸಾಧ್ಯತೆ ಮಾತ್ರ. ಊಹಿಸಿ ಸುಳ್ಳು ಉತ್ತರ ತುರುಕಿದರೆ ಬ್ಯಾಂಕಿನ ಹೆಸರು ಕಳ್ಳನ ಮನೆಗೆ ಕರೆದೊಯ್ಯುತ್ತೆ. ಆಗ ಹಚ್ಚಿದ ಮದ್ದು, ಪ್ರಶ್ನೆ ಹೊರಡೋ ಪೋರ್ಟನ್ನೂ ಪ್ರತಿ ಸಲ ಬದಲಿಸು ಅನ್ನೋದು. ಈಗ ಗೊತ್ತಾಗಿದ್ದು, ಬೈಂಡ್ ಆ ಎರಡನ್ನೂ ಆರಿಸುತ್ತಿದ್ದ ರೀತಿ ಅಷ್ಟು ಗಟ್ಟಿಯಿಲ್ಲ, ಕೆಲವು ಸಂದರ್ಭದಲ್ಲಿ ಮುಂದಿನದ್ದನ್ನು ಊಹಿಸಬಹುದು ಅಂತ.

ಮೊದಲು ಡೆಸ್ಕ್‌ಟಾಪ್‌ಗೆ ಹಾಕಿ ಒಂದು ಇಡೀ ದಿನ ಬಿಟ್ಟೆ, ಆಮೇಲೆ ರಾತ್ರಿ ಮೂರಕ್ಕೆ ಅಸಲಿ ಸರ್ವರ್‌ಗೆ. ಸ್ಟೇಟಸ್ 9.18.41. ಎಕ್ಸಿ ಲಿಂಕ್ ನೋಡಿದೆ, ಝೋನ್‌ಗಳನ್ನು ಒಂದೊಂದಾಗಿ ಕೇಳಿದೆ, ಎಲ್ಲ ಬಂದವು. ರಿಜಿಸ್ಟರ್‌ನಲ್ಲಿ ಈಗ ಟಿಕ್ ಹಾಕೋದಿಲ್ಲ, ಸ್ಟೇಟಸ್ ಹೇಳಿದ ನಂಬರನ್ನೇ ಕೈಯಲ್ಲಿ ಬರೀತೀನಿ.

ಕೆಲವು ದಿನ ಬಿಟ್ಟು ಆಡಿಟ್‌ನವರ ಮೇಲ್ ಬಂತು: ನಿಮ್ಮ ಅನ್‌ಬೌಂಡ್ ಇನ್ನೂ 1.17.1, ತುಂಬಾ ಹಳೇದು, ಕೀಟ್ರ್ಯಾಪ್‌ಗೆ ತೆರೆದುಕೊಂಡಿದೆ. ಚೇಂಜ್‌ಲಾಗ್‌ನ ಆ ಸಾಲಿಗೆ ಹಳದಿ ಬಳಿದು, ಕಳೆದ ವರ್ಷ ಕಳಿಸಿದ್ದ ಉತ್ತರದಲ್ಲೇ ತಾರೀಖು, ನಂಬರ್ ಬದಲಿಸಿ ಕಳಿಸಿದೆ.