ಆರು ಸಾಲಿನ ಆಮಂತ್ರಣ, ಎಂಬತ್ತು ಸಾಲಿನ ಹಾಳೆ: ಕಂಪನಿ ವಾರ್ಷಿಕೋತ್ಸವಕ್ಕೆ ವೇಳಾಪಟ್ಟಿ ಹಾಕುವುದು ಹೇಗೆ?

ಆಮಂತ್ರಣ ಪತ್ರಿಕೆಯಲ್ಲಿ ಆರೇ ಸಾಲು ಇರುತ್ತದೆ. ನಾಡಗೀತೆ, ದೀಪ ಬೆಳಗುವುದು, ಸ್ವಾಗತ, ಮುಖ್ಯ ಅತಿಥಿಗಳ ಮಾತು, ಸನ್ಮಾನ, ವಂದನಾರ್ಪಣೆ. ಆಮೇಲೆ ಊಟ. ಇದೇ ವೇಳಾಪಟ್ಟಿ ಅಂದುಕೊಂಡು ಹಾಲ್‌ಗೆ ಹೋದರೆ ಕಾರ್ಯಕ್ರಮ ಶುರುವಾದ ಐದೇ ನಿಮಿಷಕ್ಕೆ ಓಡಾಟ ಶುರುವಾಗುತ್ತದೆ. ಬೆಂಕಿಪೊಟ್ಟಣ ಎಲ್ಲಿ? ಶಾಲು ಯಾರ ಹತ್ತಿರ ಇದೆ? ವಿಡಿಯೋ ಹಾಕಿ ಅಂತ ಯಾರು ಹೇಳಬೇಕು?

ಈವೆಂಟ್ ಕೆಲಸದವರು ಇನ್ನೊಂದು ಹಾಳೆ ಇಟ್ಟುಕೊಂಡಿರುತ್ತಾರೆ. ಅದನ್ನು ರನ್ ಶೀಟ್ ಅನ್ನುತ್ತಾರೆ, ಶೋ ಫ್ಲೋ ಅನ್ನುತ್ತಾರೆ, ಮಿನಿಟ್ ಟು ಮಿನಿಟ್ ಅಂತಲೂ ಕರೆಯುತ್ತಾರೆ. ಎರಡೂವರೆ ಗಂಟೆಯ ಕಾರ್ಯಕ್ರಮಕ್ಕೆ ಅದು ಎಂಬತ್ತು ಸಾಲು ಆದರೂ ಆಶ್ಚರ್ಯವಿಲ್ಲ. ಒಂದು ಐಟಂ ಮುಗಿದು ಇನ್ನೊಂದು ಶುರುವಾಗುವ ನಡುವೆ ಏನೇನು ಆಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ತಡ ಆಗುವುದು ಬಹುತೇಕ ಅಲ್ಲಿಯೇ. ಭಾಷಣ ಐದು ನಿಮಿಷ ಜಾಸ್ತಿಯಾದರೆ ಎಲ್ಲರಿಗೂ ಗೊತ್ತಾಗುತ್ತದೆ. ಇಪ್ಪತ್ತು ಸಲ ಅರ್ಧರ್ಧ ನಿಮಿಷ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಹತ್ತು ನಿಮಿಷ ಹೋಗಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಕಾರ್ಖಾನೆಯ ವಾರ್ಷಿಕೋತ್ಸವ. ಶನಿವಾರ ಸಂಜೆ, ಮನೆಯವರೂ ಸೇರಿ 600 ಜನ, ಬಾಡಿಗೆಗೆ ತೆಗೆದುಕೊಂಡ ಹಾಲ್, 40 ಜನಕ್ಕೆ ದೀರ್ಘ ಸೇವೆಯ ಸನ್ಮಾನ.

ಊಟದಿಂದ ಹಿಂದಕ್ಕೆ ಎಣಿಸಿ

ಮೊದಲು ಬರೆಯಬೇಕಾದದ್ದು ಅಲುಗಾಡಿಸಲಾಗದ ಸಮಯಗಳನ್ನು. ಮನೆಗೆ ಬಿಡುವ ಬಸ್ಸುಗಳು ರಾತ್ರಿ 10ಕ್ಕೆ ಹೊರಡಬೇಕು. ಬಯಲು ಜಾಗದಲ್ಲಿ ಮಾಡುವುದಾದರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮವೂ ಇದೆ. ಹಾಗಾಗಿ ಊಟ 8:30ಕ್ಕೆ. ಅಡುಗೆಯವರಿಗೆ ಅರ್ಧ ಗಂಟೆ ಮುಂಚೆ ಖಚಿತ ಸಮಯ ಹೇಳಬೇಕು, ಇಲ್ಲದಿದ್ದರೆ ದೋಸೆ ಕೌಂಟರ್ ಮುಂದೆ ಸಾಲು ಬಾಗಿಲ ತನಕ ಬರುತ್ತದೆ. ಆದ್ದರಿಂದ ‘8:00, ಅಡುಗೆಮನೆಗೆ ಫೋನ್’ ಅನ್ನುವುದೂ ಹಾಳೆಯಲ್ಲಿ ಒಂದು ಸಾಲೇ.

ಕಾರ್ಯಕ್ರಮ 6ಕ್ಕೆ ಶುರು ಅಂದರೆ ಕೈಯಲ್ಲಿರುವುದು 150 ನಿಮಿಷ. ಅದರಲ್ಲಿ 130 ನಿಮಿಷ ಮಾತ್ರ ತುಂಬಿಸಿ. ಉಳಿದ 20 ನಿಮಿಷವನ್ನು ಕೊನೆಗೆ ಒಟ್ಟಿಗೆ ಇಡಬೇಡಿ. ಶುರುವಿನಲ್ಲಿ 5, ಅತಿಥಿಗಳ ಮಾತಿನ ನಂತರ 5, ಸನ್ಮಾನಕ್ಕೆ ಮುಂಚೆ 10 ಅಂತ ಹಂಚಿ. ತಡ ಆದ ಕಡೆಯೇ ಅದು ಸರಿಹೋಗುತ್ತದೆ.

ರಾಹುಕಾಲ ನೋಡುವ ಮನೆತನದ ಕಂಪನಿಯಾದರೆ ಮೊದಲೇ ಕೇಳಿಬಿಡಿ. ಶನಿವಾರ ಬೆಳಿಗ್ಗೆ 9ರಿಂದ 10:30, ಭಾನುವಾರ ಸಂಜೆ 4:30ರಿಂದ 6. ಕಾರ್ಯಕ್ರಮದ ದಿನ ‘ದೀಪ ಅರ್ಧ ಗಂಟೆ ಬಿಟ್ಟು ಹಚ್ಚೋಣ’ ಅಂದರೆ ಇಡೀ ಹಾಳೆ ಬದಲಾಗುತ್ತದೆ.

ಹಾಲ್ ಕೈಗೆ ಸಿಗುವ ಸಮಯವನ್ನೂ ಕೇಳಿ. ಹಿಂದಿನ ರಾತ್ರಿ ಅಲ್ಲಿ ರಿಸೆಪ್ಷನ್ ಇದ್ದರೆ ಅವರ ಹೂವಿನ ಅಲಂಕಾರ ಬಿಚ್ಚುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ. ನಗರದೊಳಗೆ ಹಲವು ಕಡೆ ಹಗಲು ದೊಡ್ಡ ಲಾರಿಗಳನ್ನು ಬಿಡುವುದಿಲ್ಲ. ಎಲ್‌ಇಡಿ ಪರದೆ, ಟ್ರಸ್ (ಲೈಟ್ ತೂಗುಹಾಕುವ ಲೋಹದ ಚೌಕಟ್ಟು), ಸ್ಪೀಕರ್ ಎಲ್ಲ ರಾತ್ರಿಯೇ ಬಂದಿಳಿಯಬೇಕು.

ಹಾಳೆಯಲ್ಲಿ ಏನೇನು ಕಾಲಂ?

ಎಕ್ಸೆಲ್ ಸಾಕು. ಸಮಯ, ಎಷ್ಟು ನಿಮಿಷ, ವೇದಿಕೆ ಮೇಲೆ ಏನು, ಯಾವ ಮೈಕ್, ಪರದೆಯಲ್ಲಿ ಏನು, ಲೈಟ್, ಸೌಂಡ್, ಹೊಣೆ ಯಾರದು. ಕೊನೆಯ ಕಾಲಂನಲ್ಲಿ ‘ಎಚ್‌ಆರ್ ತಂಡ’ ಅಂತ ಬರೆಯಬೇಡಿ. ಒಬ್ಬರ ಹೆಸರು, ಒಂದು ಫೋನ್ ನಂಬರ್ ಇರಲಿ. ತಂಡಕ್ಕೆ ಕೊಟ್ಟ ಕೆಲಸವನ್ನು ಇನ್ನೊಬ್ಬರು ಮಾಡುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ.

ಮೊದಲ ಹತ್ತು ನಿಮಿಷ ಹೀಗೆ ಬರಬಹುದು:

5:55 – ಹಾಲ್ ಬಾಗಿಲು ಮುಚ್ಚುವ ಮುನ್ನ ಕೊನೆಯ ಘೋಷಣೆ. ಹಿನ್ನೆಲೆ ಸಂಗೀತ ಮೆಲ್ಲಗೆ.
6:00 – ಹಾಲ್ ಲೈಟ್ ಇಳಿಕೆ. ಪರದೆಯಲ್ಲಿ ಲೋಗೋ. ನಿರೂಪಕಿ ವೇದಿಕೆಗೆ, ಮೈಕ್ 1.
6:02 – ನಾಡಗೀತೆ. ಎಲ್ಲರೂ ಎದ್ದು ನಿಲ್ಲಲು ಕೋರಿಕೆ. ಮೈಕ್ 3, 4, 5 ಸ್ಟ್ಯಾಂಡ್ ಮೇಲೆ.
6:05 – ಕುಳಿತುಕೊಳ್ಳುವುದು. ಗಾಯಕರು ಎಡಗಡೆಯಿಂದ ಕೆಳಗೆ. ದೀಪ ನಡುವೆ.
6:06 – ಅತಿಥಿಗಳಿಗೆ ಕರೆ. ದೀಪ ಬೆಳಗುವುದು.

ನಾಡಗೀತೆಗೆ ಎರಡೂವರೆ ನಿಮಿಷ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ ಇಷ್ಟೇ ಅವಧಿಯಲ್ಲಿ ಹಾಡಬೇಕು ಅಂತ ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಸಿಬ್ಬಂದಿಯೇ ಹಾಡುವುದಾದರೆ ಅಭ್ಯಾಸದ ದಿನ ಗಡಿಯಾರ ಹಿಡಿದು ಕೇಳಿಸಿಕೊಳ್ಳಿ. ಕೊನೆಯ ರಾಷ್ಟ್ರಗೀತೆಗೆ 52 ಸೆಕೆಂಡು. 600 ಜನ ಎದ್ದು ಮತ್ತೆ ಕೂರುವುದಕ್ಕೂ ಅರ್ಧ ನಿಮಿಷ ಬೇಕು. ಅದನ್ನೂ ಎಣಿಸಿ.

ದೀಪದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಸಿ ಗಾಳಿ ನೇರವಾಗಿ ಬೀಳದ ಜಾಗ ನೋಡಿ ಇಡಿ. ಬತ್ತಿಗಳನ್ನು ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ, ಮಧ್ಯಾಹ್ನವೇ ಒಂದು ಸಲ ಹಚ್ಚಿ ಆರಿಸಿ. ಕರಕಲಾದ ಬತ್ತಿ ಬೇಗ ಹತ್ತಿಕೊಳ್ಳುತ್ತದೆ. ತುದಿಗೆ ಚೂರು ಕರ್ಪೂರ ಇಟ್ಟರೆ ಇನ್ನೂ ಒಳ್ಳೆಯದು. ಮೇಣದಬತ್ತಿ ಎರಡು, ಬೆಂಕಿಪೊಟ್ಟಣ ಎರಡು, ಒಂದು ಒಣ ಬಟ್ಟೆ. ಬಟ್ಟೆ ಯಾಕೆ ಅಂದರೆ ಮುಂದಿನ ಐಟಂ ನೃತ್ಯವಾದರೆ ನೆಲದ ಮೇಲೆ ಬಿದ್ದ ಎಣ್ಣೆಯಲ್ಲಿ ಮಕ್ಕಳು ಜಾರುತ್ತಾರೆ. ಹಾಲ್‌ನವರಿಗೆ ಬೆಂಕಿ ಹಚ್ಚುವ ವಿಷಯ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಅತಿಥಿಗಳು, ವಿಡಿಯೋ, ಹೆಸರುಗಳು

ಮುಖ್ಯ ಅತಿಥಿಗಳು ವಿಮಾನ ನಿಲ್ದಾಣದಿಂದ ನೇರ ಬರುವುದಾದರೆ ಶನಿವಾರ ಸಂಜೆಯ ಟ್ರಾಫಿಕ್ ನಂಬಬೇಡಿ. ಅವರ ಕಾರಿನ ಚಾಲಕರ ನಂಬರ್ ಒಬ್ಬರ ಹತ್ತಿರ ಇರಲಿ. ಹಾಳೆಯಲ್ಲಿ ಎಲ್ಲಿ ಬೇಕಾದರೂ ಕೂರಿಸಬಹುದಾದ ಒಂದು ಐಟಂ ಇಟ್ಟುಕೊಳ್ಳಿ. ಒಂದು ನೃತ್ಯವೋ, ಕಂಪನಿಯ ವರ್ಷದ ವಿಡಿಯೋವೋ. ಅತಿಥಿಗಳು ತಡವಾದರೆ ಅದನ್ನು ಮುಂದಕ್ಕೆ ತರಬಹುದು. ಅವರಿಗೆ ಮೆಟ್ಟಿಲು ಹತ್ತಲು ತೊಂದರೆ ಇದೆಯೇ ಅಂತಲೂ ವಿಚಾರಿಸಿ. ಹತ್ತು ನಿಮಿಷ ಮಾತಾಡುತ್ತೇನೆ ಅಂದವರಿಗೆ ಹಾಳೆಯಲ್ಲಿ ಹದಿನೈದು ಕೊಡಿ.

ವಿಡಿಯೋ ಮತ್ತು ಸ್ಲೈಡುಗಳು ಹಿಂದಿನ ಸಂಜೆಯೇ ಕೈ ಸೇರಬೇಕು. ಕಾರ್ಯಕ್ರಮದ ದಿನ ಬಳಸುವ ಲ್ಯಾಪ್‌ಟಾಪಿನಲ್ಲೇ, ಧ್ವನಿ ಸಮೇತ, ಪೂರ್ತಿ ಹಾಕಿ ನೋಡಿ. ಕನ್ನಡದ ಸ್ಲೈಡಿದ್ದರೆ ಇನ್ನೂ ಎಚ್ಚರ ಬೇಕು. ‘ನುಡಿ’ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಸುಮ್ನೆ ಪಿಡಿಎಫ್ ಮಾಡಿಬಿಡಿ.

ಸನ್ಮಾನಿತರ ಹೆಸರುಗಳನ್ನು ನಿರೂಪಕಿ ಬಾಯಿಬಿಟ್ಟು ಒಮ್ಮೆ ಓದಲಿ. ಅನುಮಾನ ಬಂದರೆ ಅವರಿಗೇ ಫೋನ್ ಮಾಡಿ ಕೇಳಲಿ. ಇಪ್ಪತ್ತೈದು ವರ್ಷ ದುಡಿದವರ ಹೆಸರನ್ನು ತಪ್ಪಾಗಿ ಓದಿದರೆ ಅದು ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ನಲವತ್ತು ಸನ್ಮಾನದ ಲೆಕ್ಕ

ಹೆಸರು ಕರೆದ ಮೇಲೆ ಕುರ್ಚಿಯಿಂದ ಎದ್ದು, ವೇದಿಕೆ ಹತ್ತಿ, ಶಾಲು ಹೊದಿಸಿಕೊಂಡು, ಫೋಟೋ ತೆಗೆಸಿಕೊಂಡು ಇಳಿಯಲು ಒಬ್ಬರಿಗೆ 40 ಸೆಕೆಂಡು ಅಂದುಕೊಳ್ಳಿ. ನಲವತ್ತು ಜನಕ್ಕೆ 26 ನಿಮಿಷ ದಾಟುತ್ತದೆ. ಅದೇ ಜನರನ್ನು ಹಿಂದಿನ ಐಟಂ ನಡೆಯುವಾಗಲೇ ಮೆಟ್ಟಿಲ ಪಕ್ಕ ಸಾಲಾಗಿ ನಿಲ್ಲಿಸಿದರೆ 20 ಸೆಕೆಂಡು ಸಾಕು. ಒಟ್ಟು 13 ನಿಮಿಷದ ಆಸುಪಾಸು. ಬಲಗಡೆ ಹತ್ತಿ ಎಡಗಡೆ ಇಳಿಯಲಿ. ಶಾಲು, ಪೇಟ, ಸ್ಮರಣಿಕೆ ಕರೆಯುವ ಕ್ರಮದಲ್ಲೇ ಮೇಜಿನ ಮೇಲಿರಲಿ. ಅದಕ್ಕೆ ಇಬ್ಬರು ಬೇಕು, ಒಬ್ಬರು ತೆಗೆದುಕೊಡಲು, ಒಬ್ಬರು ಹೆಸರು ನೋಡಿಕೊಳ್ಳಲು.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮ ನಲವತ್ತು ನಿಮಿಷ ತಡವಾಯಿತು. ಹಾಳೆ ಹಾಕಿದವನು ನಾನೇ. ಊಟಕ್ಕೆ ಹೊತ್ತಾಯಿತು, ಸನ್ಮಾನಿತರೆಲ್ಲ ಒಟ್ಟಿಗೆ ವೇದಿಕೆಗೆ ಬನ್ನಿ ಅಂದುಬಿಟ್ಟರು. ಒಂದೇ ಗುಂಪು ಫೋಟೋ. ಹೆಸರು ಓದಲಿಲ್ಲ. ಒಬ್ಬರು ತಾಯಿಯನ್ನು ತಿಪಟೂರಿನಿಂದ ಕರೆತಂದಿದ್ದರು. ಆ ತಾಯಿ ಕೊನೆಯ ಸಾಲಿನಲ್ಲಿ ನಿಂತು ಮಗ ಎಲ್ಲಿದ್ದಾನೆ ಅಂತ ಹುಡುಕುತ್ತಿದ್ದರು. ನನಗೆ ಅದು ಈಗಲೂ ನೋವಿನ ವಿಷಯ.

ಅಂದಿನಿಂದ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಬರೆಯುತ್ತೇನೆ. ತಡವಾದರೆ ಏನು ಬಿಡಬೇಕು, ಯಾವ ಕ್ರಮದಲ್ಲಿ ಬಿಡಬೇಕು ಅಂತ. ಮೊದಲು ಎರಡನೇ ವಿಡಿಯೋ, ಆಮೇಲೆ ನಿರೂಪಕಿಯ ಆಟ, ಆಮೇಲೆ ವಂದನಾರ್ಪಣೆಯ ಉದ್ದ. ಮ್ಯಾನೇಜ್‌ಮೆಂಟ್ ಹತ್ತಿರ ಒಂದು ವಾರ ಮುಂಚೆಯೇ ಅದಕ್ಕೆ ಒಪ್ಪಿಗೆ ಪಡೆಯುತ್ತೇನೆ. ಸನ್ಮಾನದ ಸಾಲಿಗೆ ಕೆಂಪು ಬಣ್ಣ ಹಾಕಿ ‘ಮುಟ್ಟಬಾರದು’ ಅಂತ ಬರೆದಿರುತ್ತೇನೆ.

ರಿಹರ್ಸಲ್ ಮತ್ತು ಆ ಸಂಜೆ

ಬೆಳಿಗ್ಗೆ ಟೆಕ್ ರಿಹರ್ಸಲ್ ಮಾಡಿ. ಪೂರ್ತಿ ನೃತ್ಯ, ಪೂರ್ತಿ ಭಾಷಣ ಬೇಡ. ಪ್ರತಿ ಐಟಂ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂಬುದಷ್ಟೇ ಸಾಕು. ಎಂಡಿ ಬರಲಾಗದಿದ್ದರೆ ಅವರ ಜಾಗದಲ್ಲಿ ಯಾರನ್ನಾದರೂ ನಡೆಸಿ. ಅದಾದ ಮೇಲೆ ಹಾಳೆ ಬದಲಾಯಿಸಲೇಬೇಕಾದರೆ ಹಳೆಯ ಪ್ರತಿಗಳನ್ನೆಲ್ಲ ವಾಪಸ್ ತೆಗೆದುಕೊಂಡು, ಹೊಸದನ್ನು ಬೇರೆ ಬಣ್ಣದ ಕಾಗದದಲ್ಲಿ ಕೊಡಿ. ಕತ್ತಲಲ್ಲಿ ಓದುವಷ್ಟು ದೊಡ್ಡ ಅಕ್ಷರ ಇರಲಿ.

ಸಂಜೆ ವಾಕಿಟಾಕಿಯಲ್ಲಿ ‘ವಿಡಿಯೋ ಹಾಕಿ’, ‘ಲೈಟ್ ಇಳಿಸಿ’ ಅಂತ ಹೇಳುವವರು ಒಬ್ಬರೇ ಇರಬೇಕು. ಎಂಡಿಯವರೇ ಬಂದು ಹೇಳಿದರೂ ಅದು ಆ ಒಬ್ಬರ ಮೂಲಕವೇ ಹೋಗಬೇಕು. ಈ ಒಂದು ಮಾತನ್ನು ಮೊದಲೇ ಎಲ್ಲರ ಮುಂದೆ ಹೇಳಿಬಿಡುವುದು ಒಳ್ಳೆಯದು, ಅಲ್ವಾ? ಮಾತಾಡುವವರ ಎದುರಿಗೆ ಒಬ್ಬರು ‘5 ನಿಮಿಷ’, ‘1 ನಿಮಿಷ’ ಎಂದು ಬರೆದ ರಟ್ಟು ಹಿಡಿದು ಕೂರಲಿ.

ಸೌಂಡ್, ಲೈಟ್ ನಿಯಂತ್ರಿಸುವ ಕನ್ಸೋಲ್ ಪಕ್ಕ ಕುಳಿತವರು ಪ್ರತಿ ಐಟಂ ನಿಜವಾಗಿ ಶುರುವಾದ ಸಮಯವನ್ನು ಪೆನ್ನಿನಲ್ಲಿ ಪಕ್ಕಕ್ಕೆ ಬರೆದುಕೊಳ್ಳಲಿ. ನಾನು ಆ ಹಾಳೆಗಳನ್ನು ಎಸೆಯುವುದಿಲ್ಲ. ದೀಪ ಬೆಳಗಲು ಮೊದಲೆಲ್ಲ 3 ನಿಮಿಷ ಹಾಕುತ್ತಿದ್ದೆ. ಹಳೆಯ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದ ಮೇಲೆ ಅದನ್ನು 6 ಮಾಡಿದೆ.