ಮೊದಲು ಆರ್ಡರ್, ಆಮೇಲೆ ತರಕಾರಿ: ಮಳಿಗೆ, ಹೋಟೆಲ್ ಒಟ್ಟಿಗೆ ನಡೆಸಿದ ನನ್ನ ಅನುಭವ

ತೋಟದ ತರಕಾರಿ ಮಳಿಗೆ, ಅದಕ್ಕೆ ಅಂಟಿಕೊಂಡೇ ಒಂದು ಸಣ್ಣ ಹೋಟೆಲ್. ಎರಡನ್ನೂ ಒಟ್ಟಿಗೆ ನಡೆಸುತ್ತೇನೆ ಅಂದಾಗ ಇದೇ ಕಸುಬಿನವರೇ ಬೇಡ ಅಂದರು. ಊಟಕ್ಕೆ ಬಂದವನು ತರಕಾರಿ ಕೊಳ್ಳುವುದಿಲ್ಲ, ತರಕಾರಿಗೆ ಬಂದವನು ಕೂತು ಊಟ ಮಾಡುವುದಿಲ್ಲ, ಒಂದರ ಲಾಭವನ್ನು ಇನ್ನೊಂದು ತಿಂದು ಹಾಕುತ್ತದೆ ಅನ್ನುವುದು ಅವರ ವಾದ. ಮೊದಲ ಒಂದೆರಡು ವರ್ಷ ಅವರ ಮಾತೇ ನಿಜವಾಗಿತ್ತು ಬಿಡಿ. ಈಗ ಊಟಕ್ಕೆ ಬರುವವರಲ್ಲಿ ಹತ್ತಕ್ಕೆ ಆರೇಳು ಜನ ಚೀಲ ತುಂಬಿಸಿಕೊಂಡೇ ಹೋಗುತ್ತಾರೆ. ಬೇಡ ಅಂದವರಲ್ಲಿ ಕೆಲವರು ಬಂದು, ಗಿರಾಕಿಗಳ ಚೀಲ ಇಡುವ ನಮ್ಮ ಕಪಾಟಿನ ಅಳತೆ ಬರೆದುಕೊಂಡು ಹೋಗಿದ್ದೂ ಆಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕ್ರೇಟು, ತಕ್ಕಡಿ, ಕೋಲ್ಡ್ ರೂಮ್, ಬಿಲ್ಲಿಂಗ್ ಮೆಷಿನ್ ಎಲ್ಲ ನಿಮಗೆ ಗೊತ್ತಿರುವುದೇ. ಅದರ ತಂಟೆಗೆ ಹೋಗುವುದಿಲ್ಲ. ಗಿರಾಕಿ ಒಳಗೆ ಕಾಲಿಟ್ಟಲ್ಲಿಂದ ಹೊರಗೆ ಹೋಗುವವರೆಗೆ ಏನಾಗುತ್ತದೆ, ಆ ದಾರಿಯಲ್ಲಿ ದುಡ್ಡು ಎಲ್ಲೆಲ್ಲಿ ಸೋರುತ್ತದೆ, ಇಷ್ಟನ್ನೇ ಹೇಳುತ್ತೇನೆ.

ಎಲ್ಲರ ಹಾಗೆ ನಾವೂ ಮಳಿಗೆಯನ್ನು ಮುಂದೆ ಇಟ್ಟು, ಹೋಟೆಲನ್ನು ಹಿಂದೆ ಹಾಕಿದೆವು. ತರಕಾರಿ ನೋಡಿ ಹಸಿವಾಗಲಿ, ಕೊಂಡ ಮೇಲೆ ಬಂದು ಊಟಕ್ಕೆ ಕೂರಲಿ ಅಂತ. ಜನ ಬರುತ್ತಿದ್ದರು, ಕೊಳ್ಳುತ್ತಿದ್ದರು, ಚೀಲವನ್ನು ಕುರ್ಚಿ ಕೆಳಗೆ ತಳ್ಳಿ ಕೂರುತ್ತಿದ್ದರು. ಆರ್ಡರ್ ಕೊಟ್ಟು, ಊಟ ಬಂದು, ಮುಗಿಸಿ ಏಳುವಷ್ಟರಲ್ಲಿ ಒಂದು ಗಂಟೆ. ಅಡುಗೆಮನೆ ಬಿಸಿ ಕುರ್ಚಿ ಕೆಳಗಿನವರೆಗೂ ಬರುತ್ತಿತ್ತು. ಒಬ್ಬ ಹೆಂಗಸು ಎದ್ದು ಚೀಲ ಎತ್ತಿಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. ಕಟ್ಟಿನಲ್ಲಿದ್ದ ಪಾಲಕ್ ದಂಟುಗಳು ಅವರ ಮುಂಗೈ ಮೇಲೆ ರಬ್ಬರಿನ ಹಾಗೆ ಬಾಗಿ ಬಿದ್ದವು. ಎಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಕೊಯ್ದ ಸೊಪ್ಪು ಅದು! ಅವರು ಏನೂ ಹೇಳಲಿಲ್ಲ. ಮತ್ತೆ ಬರಲೂ ಇಲ್ಲ. ದೂರು ಹೇಳುವ ಗಿರಾಕಿಗಿಂತ ಸುಮ್ನೆ ಹೋಗುವ ಗಿರಾಕಿಯೇ ದುಬಾರಿ ಅಂತ ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ.

ಹಾಗಾಗಿ ದಾರಿಯನ್ನೇ ತಿರುಗಿಸಿದೆವು. ಬಾಗಿಲಲ್ಲೇ ಊಟದ ಆರ್ಡರ್. ಅಲ್ಲಿ ಒಂದು ಟೋಕನ್ ಸಿಗುತ್ತದೆ. ಅಡುಗೆಗೆ ಹದಿನೈದು ಇಪ್ಪತ್ತು ನಿಮಿಷ ಬೇಕೇ ಬೇಕು. ಆ ಹೊತ್ತಿನಲ್ಲಿ ಗಿರಾಕಿ ತರಕಾರಿ ಆರಿಸಿಕೊಳ್ಳುತ್ತಾನೆ. ಕೂತು ಕಾಯುವ ಇಪ್ಪತ್ತು ನಿಮಿಷ ಸಿಟ್ಟು ತರಿಸುತ್ತದೆ, ತರಕಾರಿ ಮುಟ್ಟಿ ನೋಡುತ್ತಾ ಕಳೆದ ಇಪ್ಪತ್ತು ನಿಮಿಷ ಲೆಕ್ಕಕ್ಕೇ ಬರುವುದಿಲ್ಲ. ತುಂಬಿದ ಚೀಲವನ್ನು ನಾವು ಇಸಿದುಕೊಂಡು ನಂಬರ್ ಹಾಕಿದ ಕಪಾಟಿನಲ್ಲಿ ಇಡುತ್ತೇವೆ. ಟೋಕನ್ ನಂಬರೇ ಕಪಾಟಿನ ಗೂಡಿನ ನಂಬರ್. ಕಪಾಟಿನ ಬೆನ್ನು ಕೋಲ್ಡ್ ರೂಮಿನ ಗೋಡೆಗೆ. ಮೇಲಿನ ಸಾಲಿಗೆ ಒದ್ದೆ ಗೋಣಿ ಹೊದಿಸಿದ್ದೇವೆ, ಅದು ಸೊಪ್ಪಿನ ಸಾಲು. ಊಟ ಮುಗಿಸಿ ಹೊರಡುವಾಗ ಒಂದೇ ಬಿಲ್, ಚೀಲ ಕೈಗೆ.

ಕೇಳಲು ಸಲೀಸು. ಆದರೆ ಶುರುವಿನಲ್ಲಿ ದಿನಾ ಜಗಳ. ಜನ ತರಕಾರಿ ನಡುವೆ ಮೈಮರೆತುಬಿಡುತ್ತಿದ್ದರು, ಊಟ ಮೇಜಿನ ಮೇಲೆ ತಣ್ಣಗಾಗುತ್ತಿತ್ತು. ಗಂಟೆ ಹೊಡೆದು ನೋಡಿದೆವು, ಯಾರ ಗಂಟೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಮೈಕ್ ಇಟ್ಟೆವು, ಇಡೀ ಮಳಿಗೆ ಬಸ್ ನಿಲ್ದಾಣವಾಯಿತು. ಊಟ ತಯಾರಾದಾಗ ಕೈಯಲ್ಲೇ ನಡುಗುವ ಬಜರ್ ತರಿಸಿದೆವು. ಅದಕ್ಕೆ ಹೋದ ದುಡ್ಡು ಕಪಾಟಿಗೆ ಹಾಕಿದ್ದಕ್ಕಿಂತ ಜಾಸ್ತಿ. ನಾಲ್ಕೈದು ತಿಂಗಳಲ್ಲಿ ಅರ್ಧಕ್ಕರ್ಧ ಬಜರ್‌ಗಳು ಚೀಲದ ಜೊತೆ ಗಿರಾಕಿಗಳ ಮನೆ ಸೇರಿದವು. ಒಂದು ಆಲೂಗಡ್ಡೆ ಕ್ರೇಟಿನ ತಳದಲ್ಲಿ ಸಿಕ್ಕಿತು.

ಕೊನೆಗೆ ಕೈ ಹಿಡಿದದ್ದು ಖರ್ಚಿಲ್ಲದ ದಾರಿ. ಆರ್ಡರ್ ಬಂದಾಗ ಅಡುಗೆ ಪೂರ್ತಿ ಮಾಡುವುದಿಲ್ಲ. ಹೆಚ್ಚಿ, ಅಳೆದು, ಬೇಯುವುದನ್ನು ಒಂದು ಹಂತದವರೆಗೆ ತಂದು ನಿಲ್ಲಿಸುತ್ತಾರೆ. ಚೀಲ ಕಪಾಟಿಗೆ ಬಂತು ಅಂದರೆ ಗಿರಾಕಿ ಕೂರಲು ತಯಾರು ಅಂತ ಅರ್ಥ. ಕಪಾಟಿನ ಹುಡುಗ ನಂಬರ್ ಚೀಟಿಯನ್ನು ಅಡುಗೆಮನೆ ಕಿಟಕಿಗೆ ಸಿಕ್ಕಿಸುತ್ತಾನೆ, ಆಗ ಒಲೆ ದೊಡ್ಡದಾಗುತ್ತದೆ. ಕೈ ತೊಳೆದು ಕೂತ ಐದಾರು ನಿಮಿಷಕ್ಕೆ ಹೊಗೆಯಾಡುವ ತಟ್ಟೆ ಎದುರಿಗೆ. ಯಾವುದನ್ನು ಎಷ್ಟರವರೆಗೆ ಬೇಯಿಸಿ ನಿಲ್ಲಿಸಬೇಕು ಅನ್ನುವುದು ನಮ್ಮ ಅಡುಗೆಯವರ ಗುಟ್ಟು, ಅದನ್ನು ಮಾತ್ರ ಕೇಳಬೇಡಿ. ಒಂದು ಎಚ್ಚರಿಕೆ ಹೇಳುತ್ತೇನೆ. ಅರೆಬೆಂದದ್ದನ್ನು ಒಲೆ ಪಕ್ಕ ಉಗುರುಬೆಚ್ಚಗೆ ಬಿಡಬೇಡಿ. 60 ಡಿಗ್ರಿ ಮೇಲೆ ಇರಬೇಕು, ಇಲ್ಲ 5 ಡಿಗ್ರಿ ಕೆಳಗೆ ಇರಬೇಕು. ನಡುವಿನದ್ದು ಹೊಟ್ಟೆ ಕೆಡಿಸುತ್ತದೆ.

ಇನ್ನು ಮೆನು. ಮೊದಲು ನಮ್ಮದೂ ಅಚ್ಚು ಹಾಕಿಸಿದ ಕಾರ್ಡ್. ಕಾರ್ಡಿನಲ್ಲಿ ಬೀನ್ಸ್ ಇದೆ, ತೋಟದಲ್ಲಿ ಬೀನ್ಸ್ ಮುಗಿದಿದೆ. ಸಗಟು ಮಾರುಕಟ್ಟೆಯಿಂದ ತರಿಸಬೇಕು. ಅತ್ತ ನಮ್ಮದೇ ಕುಂಬಳ ಮಾರಾಟವಾಗದೆ ಕೊಳೆಯುತ್ತದೆ. ತರಿಸಿದ್ದಕ್ಕೂ ದುಡ್ಡು, ಕೊಳೆತದ್ದಕ್ಕೂ ದುಡ್ಡು. ಮೇಲಿಂದ ಒಬ್ಬ ಗಿರಾಕಿ ತಟ್ಟೆ ತೋರಿಸಿ ‘ಇದು ನಿಮ್ಮ ತೋಟದ್ದೇನಾ?’ ಅಂತ ಕೇಳಿದರು. ಬಡಿಸುತ್ತಿದ್ದ ಹುಡುಗ ನನ್ನ ಮುಖ ನೋಡಿದ. ಆ ಒಂದು ನೋಟಕ್ಕೆ ಅವರಿಗೆ ಉತ್ತರ ಸಿಕ್ಕಿಹೋಯಿತು.

ಕಾರ್ಡ್ ಕಿತ್ತು ಹಾಕಿ ಹಲಗೆ ತಂದೆವು. ಬೆಳಿಗ್ಗೆ ಕ್ರೇಟುಗಳೆಲ್ಲ ಒಳಗೆ ಬಂದ ಮೇಲೆ ಅಡುಗೆಯವರು ಒಂದು ಸುತ್ತು ಹಾಕುತ್ತಾರೆ. ಯಾವುದು ಜಾಸ್ತಿ ಇದೆ, ಯಾವುದು ನಾಳೆಗೆ ನಿಲ್ಲುವುದಿಲ್ಲ, ಅದೇ ಅವತ್ತಿನ ಅಡುಗೆ. ಐದು ಬಗೆಗಿಂತ ಜಾಸ್ತಿ ಬರೆಯುವುದಿಲ್ಲ. ನಮ್ಮ ತೋಟದ್ದಕ್ಕೆ ಹಸಿರು ಸೀಮೆಸುಣ್ಣ, ಹೊರಗಿನಿಂದ ತಂದದ್ದಕ್ಕೆ ಬಿಳಿ. ಮಳಿಗೆಯ ಕ್ರೇಟುಗಳಿಗೂ ಅದೇ ಬಣ್ಣದ ಚೀಟಿ. ಹೊರಗಿನದು ಅಂತ ಬರೆದರೆ ಯಾರು ಕೊಳ್ಳುತ್ತಾರೆ ಅಂತ ಮನೆಯವರೇ ಬೈದರು. ಆಗಿದ್ದು ಉಲ್ಟಾ. ಬಿಳಿ ಚೀಟಿಯ ಈರುಳ್ಳಿ ಮೊದಲಿಗಿಂತ ಚೆನ್ನಾಗಿ ಹೋಯಿತು. ಹಸಿರು ಚೀಟಿಯದ್ದಕ್ಕೆ ಸ್ವಲ್ಪ ಜಾಸ್ತಿ ಬೆಲೆ ಹಾಕಿದರೂ ಯಾರೂ ಚೌಕಾಸಿ ಮಾಡಲಿಲ್ಲ. ಬಿಳಿ ಇರುವುದರಿಂದಲೇ ಹಸಿರನ್ನು ನಂಬಿದರು.

ಹಲಗೆ ಬಂದ ಮೇಲೆ ಎಸೆಯುವ ತರಕಾರಿ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಇದ್ದದ್ದು ಏಳೆಂಟಕ್ಕೆ ಇಳಿಯಿತು. ನನ್ನ ಲೆಕ್ಕದ ಪುಸ್ತಕದಲ್ಲಿ ಹೋಟೆಲಿನ ನಿಜವಾದ ಲಾಭ ಅದೇ.

ಗಿರಾಕಿ ಅನಿಸಿಕೆ ತಿಳಿದುಕೊಳ್ಳುವ ವಿಚಾರಕ್ಕೆ ಬರುತ್ತೇನೆ. ‘ಹೇಗಿತ್ತು?’ ಅಂದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ. ಪುಸ್ತಕ ಇಟ್ಟರೆ ಮಕ್ಕಳು ಚಿತ್ರ ಬಿಡಿಸುತ್ತಾರೆ. ನಮ್ಮಲ್ಲಿ ಅನಿಸಿಕೆ ಬರೆಯುವವರು ತಟ್ಟೆ ತೊಳೆಯುವವರು. ಅವರ ಪಕ್ಕ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ತಟ್ಟೆಯಲ್ಲಿ ಏನು ಉಳಿದು ಬಂತೋ ಅದರ ಹೆಸರಿನ ಮುಂದೆ ಒಂದು ಗೀಟು. ಸಂಜೆ ಗೀಟು ಎಣಿಸಿದರೆ ಸಾಕು, ಯಾವುದನ್ನು ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ. ಬಿಲ್ ಕೊಡುವಾಗ ಕೇಳುವ ಪ್ರಶ್ನೆಯನ್ನೂ ಬದಲಾಯಿಸಿದೆವು. ‘ಏನು ಬಿಟ್ರಿ?’ ಅಂತ ಕೇಳುತ್ತೇವೆ. ಜನ ನಗುತ್ತಲೇ ನಿಜ ಹೇಳಿಬಿಡುತ್ತಾರೆ.

ಕ್ಯಾರೆಟ್ ವಿಚಾರ ಗೊತ್ತಾದದ್ದು ಆ ಗೀಟುಗಳಿಂದಲೇ. ಒಂದು ವಾರ ಸಲಾಡಿನ ಕ್ಯಾರೆಟ್ ತಟ್ಟೆ ತಟ್ಟೆಯಲ್ಲೂ ವಾಪಸ್. ನೋಡಲು ಚೆಂದ, ಬಣ್ಣ ಗಾಢ, ಕಚ್ಚಿದರೆ ಕಹಿ. ತಳಿಯನ್ನು ಬೈದೆವು, ಮಣ್ಣನ್ನು ಬೈದೆವು. ಹೊಲದಿಂದ ಆಗಷ್ಟೇ ಕಿತ್ತದ್ದು ಸಿಹಿಯಾಗೇ ಇತ್ತು. ಅಂದರೆ ಕೆಟ್ಟದ್ದು ಕೋಲ್ಡ್ ರೂಮಿನಲ್ಲಿ. ಹೋಗಿ ನೋಡಿದರೆ ಕ್ಯಾರೆಟ್ ಕ್ರೇಟಿನ ಪಕ್ಕದಲ್ಲೇ ಮಾಗಿದ ಕರಬೂಜ, ಸೇಬು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನ್ನುವ ಅನಿಲ ಕ್ಯಾರೆಟ್ಟನ್ನು ಕಹಿ ಮಾಡುತ್ತದೆ, ಸೌತೆಯನ್ನು, ಸೊಪ್ಪನ್ನು ಹಳದಿ ಮಾಡುತ್ತದೆ. ಪುಸ್ತಕದಲ್ಲಿ ಎಲ್ಲರೂ ಓದಿರುತ್ತೇವೆ. ಜಾಗ ಸಾಲದಾಗ ಎಲ್ಲರೂ ಒಟ್ಟಿಗೇ ಪೇರಿಸುತ್ತೇವೆ. ಹಣ್ಣನ್ನು ಹೊರಗಿನ ಕೋಣೆಗೆ ಹಾಕಿದೆವು. ಮುಂದಿನ ಕೊಯ್ಲಿನಿಂದ ಗೀಟು ನಿಂತಿತು.

ಟೊಮೆಟೊ ಕೂಡ ಅದೇ ಜಾತಿಯ ಪಾಠ ಕಲಿಸಿತು. ಕೋಲ್ಡ್ ರೂಮಿನಲ್ಲಿಟ್ಟ ಟೊಮೆಟೊ ವಾರಗಟ್ಟಲೆ ಚೆಂದ ಕಾಣುತ್ತದೆ, ರುಚಿ ಸತ್ತಿರುತ್ತದೆ. ಸುಮಾರು 12 ಡಿಗ್ರಿಗಿಂತ ಕೆಳಗೆ ಅದಕ್ಕೆ ಆಗಿಬರುವುದಿಲ್ಲ. ಈಗ ಅದು ನೆರಳಿನಲ್ಲಿ, ಗಾಳಿಯಲ್ಲಿ. ಕಡಿಮೆ ದಿನ ಬಾಳುತ್ತದೆ, ಆದರೆ ಉಳಿಯುವುದೇ ಇಲ್ಲವಲ್ಲ, ಮೆತ್ತಗಾದದ್ದು ಸೂಪಿಗೆ ಹೋಗುತ್ತದೆ. ಅಡುಗೆಮನೆ ಬೆನ್ನಿಗಿರುವವನಿಗೆ ಇದು ದೊಡ್ಡ ಧೈರ್ಯ. ಬರೀ ಮಳಿಗೆ ಇಟ್ಟವನು ಹೀಗೆ ಮಾಡಲಾರ.

ಸ್ವೀಟ್ ಕಾರ್ನ್ ಮಾತ್ರ ತದ್ವಿರುದ್ಧ. ಕಿತ್ತ ಕ್ಷಣದಿಂದ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ನಮ್ಮವರು ನಂಬಲಿಲ್ಲ. ಒಂದೇ ಹೊಲದ ತೆನೆ, ಒಂದು ಬುಟ್ಟಿ ಬೆಳಗಿನ ಜಾವ ಕಿತ್ತು ತಣ್ಣನೆ ನೀರಿಗೆ ಹಾಕಿದ್ದು, ಇನ್ನೊಂದು ಹಿಂದಿನ ದಿನದ್ದು, ಹೊರಗೇ ಇಟ್ಟದ್ದು. ಎರಡನ್ನೂ ಬೇಯಿಸಿ, ತುಂಡು ಮಾಡಿ, ಯಾವುದು ಯಾವುದು ಅಂತ ಹೇಳದೆ ಗಿರಾಕಿಗಳಿಗೆ ಕೊಟ್ಟು, ಇವತ್ತು ಕಿತ್ತದ್ದು ಯಾವುದು ಅಂತ ಕೇಳಿದೆವು. ತಪ್ಪಾಗಿ ಹೇಳಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು. ಆಮೇಲೆ ಆ ರುಚಿ ನೋಡುವ ತಟ್ಟೆಯನ್ನು ತೆಗೆಯಲೇ ಇಲ್ಲ. ರುಚಿ ನೋಡಿದವರಲ್ಲಿ ಮುಕ್ಕಾಲು ಪಾಲು ಜನ ಕೊಳ್ಳುತ್ತಾರೆ. ತಟ್ಟೆಯನ್ನು ಮಳಿಗೆಯ ಯಾವ ಮೂಲೆಯಲ್ಲಿ ಇಟ್ಟರೆ ಹೀಗಾಗುತ್ತದೆ ಅನ್ನುವುದನ್ನು ನೀವೇ ಕಂಡುಕೊಳ್ಳಿ. ನನಗೆ ಒಂದು ಹಂಗಾಮು ಹಿಡಿಯಿತು.

ಹೀಗೇ ಇನ್ನೂ ಏನೇನೋ ಮಾಡಿದೆವು. ಕ್ಯಾರೆಟ್ಟನ್ನು ಎಲೆ ಸಮೇತ ಇಟ್ಟರೆ ಜನ ಮುಗಿಬಿದ್ದು ಕೊಳ್ಳುತ್ತಾರೆ, ಆದರೆ ಎಲೆ ಗೆಡ್ಡೆಯ ನೀರನ್ನೆಲ್ಲ ಎಳೆದು ಅದನ್ನು ಮೆತ್ತಗೆ ಮಾಡುತ್ತದೆ. ಈಗ ಎಲೆ ಸಮೇತ ಇಡುತ್ತೇವೆ, ಬಿಲ್ ಮಾಡುವಾಗ ಕೇಳಿ ಕತ್ತರಿಸಿಕೊಡುತ್ತೇವೆ, ಎಲೆ ಅಡುಗೆಮನೆಗೆ. ಸೊಟ್ಟ ತರಕಾರಿಗೆ ಅರ್ಧ ಬೆಲೆಯ ಬುಟ್ಟಿ ಇಟ್ಟಾಗ ನೆಟ್ಟಗಿನದ್ದರ ವ್ಯಾಪಾರ ಬಿತ್ತು. ಆ ಬುಟ್ಟಿಯನ್ನು ಮಧ್ಯಾಹ್ನದ ಮೇಲೆ, ತೂಕ ಮಾಡಿ ಕಟ್ಟಿದ ಚೀಲದಲ್ಲಿ ಮಾತ್ರ ಇಡಲು ಶುರು ಮಾಡಿದ ಮೇಲೆ ಸರಿಹೋಯಿತು. ಹೋಟೆಲ್ ಪಕ್ಕ ಪುದೀನ, ಕೊತ್ತಂಬರಿ ಸಾಲು ಹಾಕಿ ನೀವೇ ಚಿವುಟಿಕೊಳ್ಳಿ ಅಂದೆವು. ದೊಡ್ಡವರು ಚಿವುಟಿದರು, ಮಕ್ಕಳು ಬೇರು ಸಮೇತ ಕಿತ್ತರು. ಕೊತ್ತಂಬರಿ ಹೋಯಿತು, ಪುದೀನಕ್ಕೆ ಏನೂ ಆಗಲಿಲ್ಲ, ಅದು ಕಿತ್ತಷ್ಟೂ ಬರುತ್ತದೆ.

ದುಡ್ಡಿನ ವಿಚಾರದಲ್ಲಿ ಒಂದು ಕಗ್ಗಂಟು ಉಳಿಯಿತು. ಅಡುಗೆಮನೆ ಮಳಿಗೆಯಿಂದ ತರಕಾರಿ ಎತ್ತಿಕೊಂಡರೆ ಯಾವ ಬೆಲೆಗೆ? ಪುಕ್ಕಟೆ ಅಂದರೆ ಹೋಟೆಲ್ ಭಾರಿ ಲಾಭದಲ್ಲಿದ್ದಂತೆ, ಮಳಿಗೆ ಮುಳುಗಿದಂತೆ ಕಾಣುತ್ತದೆ. ಮಾರುವ ಬೆಲೆಗೇ ಅಂದರೆ ಅಡುಗೆಯವರು ಬಾಡಿದ್ದನ್ನು ಮುಟ್ಟುವುದೇ ಇಲ್ಲ, ಆ ಬೆಲೆಗೆ ಹೊಸದೇ ಬರುತ್ತಲ್ಲ ಅನ್ನುತ್ತಾರೆ. ನಮ್ಮಲ್ಲಿ ಅಣ್ಣತಮ್ಮಂದಿರ ನಡುವೆ ಇದೇ ವಿಷಯಕ್ಕೆ ಮಾತು ಬಿಟ್ಟದ್ದೂ ಉಂಟು. ಈಗ ಬೆಳಿಗ್ಗೆ ಎತ್ತಿದರೆ ಮಾರುವ ಬೆಲೆಯ ಮುಕ್ಕಾಲು, ಮಧ್ಯಾಹ್ನದ ಮೇಲೆ ಎತ್ತಿದರೆ ಅರ್ಧ, ಮಾರನೆಯ ದಿನ ಎತ್ತಿದರೆ ಕಾಲು. ಎಲ್ಲವೂ ತಕ್ಕಡಿ ಮೇಲೆ ಹಾದೇ ಹೋಗಬೇಕು, ಚೀಟಿ ಆಗಬೇಕು. ಊಟದ ಬೆಲೆಯಲ್ಲಿ ಸಾಮಾನಿನ ಖರ್ಚು ನೂರಕ್ಕೆ ಮೂವತ್ತು ದಾಟಬಾರದು ಅಂತ ಹೋಟೆಲಿನವರು ಹೇಳುತ್ತಾರಲ್ಲ, ನಮ್ಮದು ಇಪ್ಪತ್ತೈದರ ಆಸುಪಾಸಿನಲ್ಲಿ ನಿಂತಿದೆ. ಕೆಲಸದವರ ಸಂಬಳ ಮಾತ್ರ ಜಾಸ್ತಿಯೇ, ಕಪಾಟಿನ ಹತ್ತಿರ ಒಬ್ಬರು ಯಾವಾಗಲೂ ಇರಬೇಕು. ಜನ ಕಡಿಮೆ ಇರುವ ದಿನ ಅದನ್ನು ಹೊಂದಿಸುವುದು ಕಷ್ಟ.

ಯಾರಾದರೂ ಇದನ್ನು ಮಾಡಲು ಹೊರಟಿದ್ದರೆ ಕಪಾಟಿನ ಗೂಡುಗಳನ್ನು ನಿಮ್ಮ ಮೇಜುಗಳಿಗಿಂತ ಒಂದೂವರೆ ಪಟ್ಟು ಮಾಡಿಸಿ. ಮೇಜಿಗೊಂದು ಗೂಡು ಸಾಕು ಅಂತ ಬಡಗಿ ಹೇಳುತ್ತಾನೆ. ಊಟ ಮುಗಿಸಿ ಮತ್ತೆ ತರಕಾರಿ ಕಡೆ ತಿರುಗುವವರು ಎಷ್ಟು ಜನ ಅಂತ ಅವನಿಗೆ ಗೊತ್ತಿರುವುದಿಲ್ಲ. ತಿಂದದ್ದು ಹಿಡಿಸಿದರೆ ಅದೇ ಕುಂಬಳ ಬೇಕು ಅಂತ ಹೋಗಿ ಎರಡನೇ ಚೀಲ ತರುತ್ತಾರೆ. ಆ ಹೊತ್ತಿಗೆ ಅವರ ಮೇಜಿಗೆ ಇನ್ನೊಬ್ಬರು ಬಂದು ಕೂತಾಗಿರುತ್ತದೆ.