ಈರುಳ್ಳಿ ಸಿಪ್ಪೆಯಲ್ಲಿ ನೀರಿನ ಓಡಾಟ ನೋಡುವುದು ಹೇಗೆ?

ಜೀವಕೋಶದಿಂದ ನೀರು ಹೊರಗೆ ಹೋಗುವುದನ್ನು ಕಣ್ಣಾರೆ ನೋಡಬಹುದು. ಆದರೆ ಜಾಸ್ತಿ ಜನ ಮಾಡುವುದೇನು? ಈರುಳ್ಳಿಯ ತೆಳುಸಿಪ್ಪೆಯನ್ನು ಸೀದಾ ಉಪ್ಪುನೀರಿಗೆ ಹಾಕಿ, ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಇಡುತ್ತಾರೆ. ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಮುದುಡಿದ್ದು ಕಾಣುತ್ತದೆ, ಮುದುಡುವುದು ಕಾಣುವುದಿಲ್ಲ.

ಮೊದಲು ಈರುಳ್ಳಿ. ಕೆಂಪಿನದೇ ಬೇಕು. ಅದರ ಪದರದ ಹೊರಮೈಯ ಕೋಶಗಳಲ್ಲಿ ರಸದಾನಿಯೊಳಗೇ, ಅಂದರೆ ರಸ ತುಂಬಿದ ಚೀಲದೊಳಗೇ, ಬಣ್ಣವಿರುತ್ತದೆ. ಒಳಮೈಯ ಸಿಪ್ಪೆ ಸಲೀಸಾಗಿ ಬರುತ್ತದೆ, ನಿಜ. ಆದರೆ ಅದಕ್ಕೆ ಬಣ್ಣವಿಲ್ಲ. ಬಣ್ಣಕ್ಕೆಂದು ಅಯೋಡಿನ್ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಅಯೋಡಿನ್ ಕೋಶವನ್ನು ಕೊಲ್ಲುತ್ತದೆ. ಸತ್ತ ಕೋಶದ ಪೊರೆ ಯಾವುದನ್ನೂ ತಡೆಯುವುದಿಲ್ಲ. ರೆಡಿಮೇಡ್ ಸ್ಲೈಡುಗಳೂ ಇದೇ ಕಾರಣಕ್ಕೆ ಇಲ್ಲಿ ದಂಡ.

ಹೊರಮೈಯಲ್ಲಿ ಬ್ಲೇಡಿನಿಂದ ಅರ್ಧ ಸೆಂಟಿಮೀಟರ್ ಚೌಕ ಗೀರಿ, ಮೂಲೆ ಹಿಡಿದು ಚಿಮಟದಿಂದ ನಿಧಾನಕ್ಕೆ ಎಳೆಯಿರಿ. ತಿರುಳು ಅಂಟಿಕೊಂಡು ಬಂದರೆ ಬಿಸಾಡಿ, ಇನ್ನೊಂದು ತೆಗೆಯಿರಿ. ಸ್ಲೈಡಿನ ಮೇಲೆ ಒಂದು ಹನಿ ಬರೀ ನೀರು, ಅದರಲ್ಲಿ ಸಿಪ್ಪೆ, ಮೇಲೆ ಓರೆಯಾಗಿ ಇಳಿಸಿದ ಕವರ್ ಸ್ಲಿಪ್. ಗಾಜಿನದೇ ಇರಲಿ. ಪ್ಲಾಸ್ಟಿಕ್‌ನದು ಬೇಗ ಗೀರು ಬೀಳುತ್ತದೆ. ಕಪ್ಪು ಅಂಚಿನ ದುಂಡು ಆಕೃತಿ ಕಂಡರೆ ಹಿಗ್ಗಬೇಡಿ, ಅದು ಗಾಳಿಗುಳ್ಳೆ.

100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿಟ್ಟುಕೊಳ್ಳಿ. ಸಕ್ಕರೆಯಿಂದಲೂ ಆಗುತ್ತದೆ, ಆದರೆ ಲೆನ್ಸ್ ಎಲ್ಲ ಅಂಟಂಟು.

ಎಲ್ಲರೂ ಎಡವುವುದು ಇನ್ನು ಮುಂದೆ. 10 ಪಟ್ಟಿನ ಲೆನ್ಸಿನಲ್ಲಿ ನಾಲ್ಕೈದು ಚಂದದ ಕೋಶಗಳನ್ನು ಫೋಕಸ್ ಮಾಡಿ. ಇನ್ನು ಸ್ಲೈಡ್ ಕದಲಬಾರದು. ಕವರ್ ಸ್ಲಿಪ್‌ನ ಒಂದು ಅಂಚಿಗೆ ಉಪ್ಪುನೀರಿನ ಹನಿ ತಾಗಿಸಿ. ಎದುರು ಅಂಚಿಗೆ ಬ್ಲಾಟಿಂಗ್ ಪೇಪರಿನ ತುಂಡು ಮುಟ್ಟಿಸಿ. ಸುಮ್ನೆ ಮುಟ್ಟಿಸಿದರೆ ಸಾಕು, ಒತ್ತಿದರೆ ಸಿಪ್ಪೆಯೂ ಜಾರಿ ಹೋಗುತ್ತದೆ. ಪೇಪರ್ ಆ ಕಡೆ ನೀರು ಹೀರಿದಂತೆ ಈ ಕಡೆಯಿಂದ ಉಪ್ಪುನೀರು ಒಳಗೆ ಬರುತ್ತದೆ. ಎರಡು ಮೂರು ಹನಿ ಹೀಗೇ ಎಳೆಸಿ. ಪೇಪರ್ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು, ನಿಮ್ಮ ಕಣ್ಣು ಮಾತ್ರ ಲೆನ್ಸಿನಲ್ಲೇ ಇರಲಿ.

ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಬಣ್ಣ ಗೋಡೆ ಬಿಟ್ಟು ಹಿಂದೆ ಸರಿಯುತ್ತದೆ. ಇನ್ನೊಂದು ಮೂಲೆಯಲ್ಲೂ ಅಷ್ಟೇ. ನೋಡ್ತಾ ನೋಡ್ತಾ ಚೌಕದ ಕೆಂಪು ದುಂಡಗಾಗಿ, ಗಾಢವಾಗಿ, ನಡುವೆ ಮುದ್ದೆಯಾಗುತ್ತದೆ. ಆ ಗೋಡೆ, ಅಂದರೆ ಕೋಶಭಿತ್ತಿ, ಮಾತ್ರ ಇದ್ದಲ್ಲೇ ಇದೆ, ಗಮನಿಸಿದಿರಾ? ಭಿತ್ತಿಗೂ ಮುದ್ದೆಗೂ ನಡುವಿನ ಜಾಗ ಖಾಲಿಯಲ್ಲ, ಅಲ್ಲಿರುವುದು ಉಪ್ಪುನೀರು. ಭಿತ್ತಿ ಉಪ್ಪನ್ನು ಬಿಡುತ್ತದೆ, ಒಳಗಿನ ಕೋಶಪೊರೆ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ನೀರೇ ಉಪ್ಪು ಜಾಸ್ತಿ ಇರುವ ಕಡೆಗೆ ಹೊರಡುತ್ತದೆ. ಇದೇ ಅಭಿಸರಣೆ. ಇದಕ್ಕೆ ಕೋಶ ಶಕ್ತಿ ಖರ್ಚು ಮಾಡುವುದಿಲ್ಲ. ಪೊರೆಯಲ್ಲಿ ನೀರಿಗೆಂದೇ ಅಕ್ವಾಪೋರಿನ್ ಎಂಬ ಸಣ್ಣ ದಾರಿಗಳೂ ಇವೆ. ಅವುಗಳ ಪತ್ತೆಗೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಶಕ್ತಿ ಸುರಿದು ನಡೆಸುವ ಸಾಗಾಟ ಬೇರೆಯೇ ಇದೆ. ನಮ್ಮ ಕೋಶಗಳ ಪೊರೆಯಲ್ಲಿರುವ ಸೋಡಿಯಂ ಪಂಪು ಪ್ರತಿ ಸುತ್ತಿಗೆ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಅದನ್ನು ಈ ಸ್ಲೈಡಿನಲ್ಲಿ ಹುಡುಕಬೇಡಿ.

ಇಲ್ಲಿಗೇ ನಿಲ್ಲಿಸಬೇಡಿ. ಅದೇ ರೀತಿ ಬರೀ ನೀರು ಎಳೆಸಿ, ಈ ಸಲ ನಾಲ್ಕೈದು ಹನಿ. ಮುದ್ದೆ ಮೆಲ್ಲಗೆ ಉಬ್ಬಿ ಮತ್ತೆ ಗೋಡೆಗೆ ತಾಗುತ್ತದೆ. ಊಟಕ್ಕೆ ಎದ್ದು ಹೋಗಿ ಬಂದು ಇದನ್ನು ಮಾಡಿದರೆ ಆಗದಿರಬಹುದು. ಉಪ್ಪಿನಲ್ಲಿ ಜಾಸ್ತಿ ಹೊತ್ತು ಉಳಿದ ಕೋಶ ಸಾಯುತ್ತದೆ, ಬಣ್ಣ ಸೋರಿ ಹರಡುತ್ತದೆ.

ಕೊನೆಗೆ ಮೈಕ್ರೋಸ್ಕೋಪಿನ ತಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಉಪ್ಪು ಉಳಿದರೆ ಕ್ಲಿಪ್ಪು ತುಕ್ಕು ಹಿಡಿಯುತ್ತದೆ.